ಮೈಕ್ ಸೆಟ್ಟಿನ ಮುಂದೆ ಪಾಸಾದ ಡಬ್ಬಿ

ಹೋದ ವಾರ ಖಾನಾಪುರದಲ್ಲಿ ಒಬ್ಬ ಡಾಕ್ಟರು ನನ್ನ ಕ್ಷಮೆ ಕೇಳಿದರು.

ಕೇಳಬೇಕಾದವನು ನಾನು. ಅದಕ್ಕೆಂದೇ ಬಸ್ಸು ಹತ್ತಿ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. (ಬರೆಯುವವರ ಚಟ ಇದು. ಕ್ಷಮೆ ಕೇಳುವುದಕ್ಕೂ ಒಂದು ಡ್ರಾಫ್ಟ್ ಬೇಕು.) ನಾನು ಬಾಯಿ ತೆರೆಯುವ ಮೊದಲೇ ಆಕೆ ಚಹಾದ ಕಪ್ಪು ಮುಂದಿಟ್ಟರು.

"ನಿಮಗ ಸುಮ್ನ ತ್ರಾಸ ಆತು ನೋಡ್ರಿ. ನಿಮ್ಮ ಡಬ್ಬಿದು ತಪ್ಪಿಲ್ಲ. ನಮ್ಮೂರ ಕರೆಂಟೇ ಹಂಗ ಐತಿ."

ಅವರ ಹಿಂದೆ ಗೋಡೆಗೆ ಒತ್ತಿ ಫ್ರಿಜ್ ನಿಂತಿತ್ತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬ್ಯಾಂಡೇಜಿನ ಸುರುಳಿಗಳನ್ನು ಜೋಡಿಸಿಟ್ಟಿದ್ದರು. ಫ್ರಿಜ್ ಕಪಾಟಾಗಿತ್ತು.

ಯಾವ ಡಬ್ಬಿ ಎಂದು ನಿಮಗೆ ನೆನಪಿರಬೇಕು. ಮಳೆಗಾಲಕ್ಕೆ ಮೊದಲು ಇದೇ ಅಂಕಣದಲ್ಲಿ ಬರೆದಿದ್ದೆ. ನನ್ನ ಹೆಂಡತಿಯ ತಮ್ಮ ಶಿವಾನಂದ, ಬೆಳಗಾವಿಯ ಅನಗೋಳದ ತನ್ನ ಮನೆಯ ಮುಂದಿನ ಶೆಡ್ಡಿನಲ್ಲಿ ತಯಾರಿಸಿದ ಸ್ಟೆಬಿಲೈಸರ್. ಕರೆಂಟು ಇಳಿದರೆ ಎತ್ತುತ್ತದೆ, ಏರಿದರೆ ಇಳಿಸುತ್ತದೆ. ಉಳಿದವುಗಳ ಹಾಗೆ ಟಕ್ ಟಕ್ ಅನ್ನುವುದಿಲ್ಲ. ಒಳಗೆ ಥೈರಿಸ್ಟರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಸದ್ದಿಲ್ಲದೆ ಕೆಲಸ ಮಾಡುತ್ತವೆ. "ಖಾನಾಪುರದ ಕರೆಂಟಿಗೆ ಬೆಳಗಾವಿಯ ಲಗಾಮು" ಎಂದು ನಾನೇ ಹೆಡ್ಡಿಂಗ್ ಕೊಟ್ಟಿದ್ದೆ. ಏನು ಜಂಬ!

ಆ ದಿನ ಶಿವಾನಂದ ನನ್ನನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿ ತೋರಿಸಿದ್ದ. ಶೆಡ್ಡಿಗೆ ಬರುವ ಕರೆಂಟು ಸಾಧು. ಅದರಿಂದ ಡಬ್ಬಿಯ ಯೋಗ್ಯತೆ ಗೊತ್ತಾಗುವುದಿಲ್ಲ. ಕೆಟ್ಟ ಕರೆಂಟನ್ನು ಬೇಕೆಂದೇ ಹುಟ್ಟಿಸಬೇಕು. ಅದಕ್ಕೆ ಅವನು ಮದುವೆ ಮನೆಗಳಿಗೆ ಮೈಕ್ ಬಾಡಿಗೆ ಕೊಡುವವರಿಂದ ಒಂದು ಭಾರಿ ಆಂಪ್ಲಿಫೈಯರ್ ತಂದಿದ್ದ. ಹಾಡಿನ ಬದಲು ಅದಕ್ಕೆ ಹದಗೆಟ್ಟ ಕರೆಂಟಿನ ನಕಲನ್ನು ಕೊಟ್ಟು, ಅದು ದೊಡ್ಡದು ಮಾಡಿ ಹೊರಬಿಟ್ಟಿದ್ದನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಇನ್ನಷ್ಟು ಎತ್ತಿ ಡಬ್ಬಿಗೆ ಹರಿಸಿದ. ಕರೆಂಟು ಇಳಿಯಿತು, ಏರಿತು, ನಡುಗಿತು. ಡಬ್ಬಿ ಜಗ್ಗಲಿಲ್ಲ. ನಾನು ಚಪ್ಪಾಳೆ ತಟ್ಟಿದೆ.

ಅವನು ತಟ್ಟಲಿಲ್ಲ.

"ಮಾಮಾ, ಇದು ಮೈಕ್ ಸೆಟ್ಟಿಂದು. ಹಾಡಿಗೆ ಸಾಕು. ಸಾ ಮಿಲ್ಲಿನ ಮೋಟಾರು ಬಂದ್ ಆದಾಗ ಲೈನಿನ್ಯಾಗ ಒಂದು ಝಟಕಾ ಬರ್ತದ. ಭಾಳ ಚೂಪ. ಅಷ್ಟು ಚುರುಕಾಗಿ ಓಡಾಕ ಇದಕ್ಕ ಆಗೂದಿಲ್ಲ. ಬ್ಯಾಂಡ್‌ವಿಡ್ತ್ ಸಾಲೂದಿಲ್ಲ. ತುದಿ ಮೊಂಡ ಮಾಡಿ ಕೊಡ್ತದ. ಆ ಪರೀಕ್ಷಾ ಇನ್ನೂ ಉಳದೈತಿ. ಅದನ್ನೂ ಬರೀರಿ."

ಬರೆದೆ. ಸುಳ್ಳು ಹೇಳುವುದಿಲ್ಲ, ಬರೆದೆ. ಆಮೇಲೆ ಓದಿ ನೋಡಿದೆ. ಬರಹದ ಓಟ ತಪ್ಪಿದಂತೆ ಕಂಡಿತು. ಬ್ಯಾಂಡ್‌ವಿಡ್ತ್ ಎಂಬ ಶಬ್ದ ಬಂದರೆ ನೀವು ಪುಟ ತಿರುಗಿಸುತ್ತೀರಿ ಅನ್ನಿಸಿತು. ಆ ಸಾಲಿನ ಮೇಲೆ ಗೆರೆ ಎಳೆದೆ. ಎಷ್ಟು ಹೊತ್ತಿನ ಕೆಲಸ ಅದು?

ಅಂಕಣ ಅಚ್ಚಾದ ಮೇಲೆ ಅನಗೋಳದ ಆ ಓಣಿಗೆ ಜನ ಪೇಪರ್ ಹಿಡಿದೇ ಬಂದರು. ಶಿವಾನಂದ ತಡೆದ. ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಹೊರದೇಶದ ಚುರುಕಾದ ಆಂಪ್ಲಿಫೈಯರ್ ಇದೆ, ರಜೆ ಮುಗಿದ ಮೇಲೆ ಅದರಲ್ಲಿ ಪರೀಕ್ಷಿಸಿ ಕೊಡುತ್ತೇನೆ ಎಂದ. ನಾನು ನಕ್ಕೆ. "ಬಾಗಲಿಗೆ ಬಂದ ಗಿರಾಕಿನ ವಾಪಸ್ ಕಳಸ್ತಾರೇನೋ?" ಎಂದು ಎಲ್ಲರೆದುರೇ ಕೇಳಿದೆ. ಅಕ್ಕನ ಗಂಡ ಹೇಳಿದ ಮೇಲೆ ಅವನೇನು ಮಾಡಿಯಾನು? ಕೊಟ್ಟ.

ಖಾನಾಪುರದ ಡಾಕ್ಟರ್‌ಬಾಯಿ ಹಾಗೆ ಕೊಂಡವರಲ್ಲಿ ಒಬ್ಬರು. ಸುಮತಿಬಾಯಿ ಎಂದು ಹೆಸರು. ಸುತ್ತಲಿನ ಕಾಡಂಚಿನ ಹಳ್ಳಿಗಳಿಗೆಲ್ಲ ಅವರದೇ ದವಾಖಾನೆ. ಫ್ರಿಜ್ಜಿನಲ್ಲಿ ಮಕ್ಕಳ ಲಸಿಕೆ, ಹಾವು ಕಡಿದವರಿಗೆ ಕೊಡುವ ಸೀರಂ ಇಡುತ್ತಿದ್ದರು. ಅವರು ನನ್ನ ಓದುಗರು. ಓದಿ ನಂಬಿದವರು.

ಒಂದು ಶನಿವಾರ ಸಂಜೆ ಹತ್ತಿರದ ಸಾ ಮಿಲ್ ಬಂದಾಯಿತು. ಆ ಚೂಪು ಝಟಕಾ ಬಂತು. ಒಂದೊಂದಾಗಿ ಆನ್ ಆಗಬೇಕಿದ್ದ ಸ್ವಿಚ್ಚುಗಳು ಗಲಿಬಿಲಿಗೊಂಡು ಒಟ್ಟಿಗೇ ಆನ್ ಆದವು. ಡಬ್ಬಿ ಸುಟ್ಟಿತು, ಫ್ರಿಜ್ಜಿನ ಮೋಟಾರನ್ನೂ ಸುಟ್ಟಿತು. ಡಾಕ್ಟರ್‌ಬಾಯಿ ಭಾನುವಾರ ಊರಲ್ಲಿರಲಿಲ್ಲ. ಸೋಮವಾರ ಬಾಗಿಲು ತೆರೆದರೆ ಔಷಧಿಯೆಲ್ಲ ಬೆಚ್ಚಗೆ.

ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಯೊಂದರಿಂದ ಲಕ್ಷ್ಮವ್ವ ಎಂಬಾಕೆಯನ್ನು ಹೊತ್ತು ತಂದರು. ಹುಲ್ಲು ಕೊಯ್ಯುವಾಗ ಕಾಲಿಗೆ ಹಾವು ಕಡಿದಿತ್ತು.

ಬೆಚ್ಚಗಾದ ಸೀರಂ ಕೊಡುವುದೋ ಬೇಡವೋ? ಡಾಕ್ಟರ್‌ಬಾಯಿ ಯೋಚಿಸುತ್ತ ಕೂರಲಿಲ್ಲ. ಯಾರದೋ ಜೀಪು ನಿಲ್ಲಿಸಿ, ಆಕೆಯನ್ನು ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಓಡಿದರು. ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಆ ಗೇಟಿನ ಮುಂದೆ ಕೂತ ಹೊತ್ತನ್ನು ಅವರು ಎರಡು ಸಲ ಹೇಳಿದರು. ಲಕ್ಷ್ಮವ್ವ ಉಳಿದಳು. ಕಾಲಿನ ಹೆಬ್ಬೆರಳು ಉಳಿಯಲಿಲ್ಲ.

ಇಷ್ಟನ್ನೂ ಕೇಳಿ ನಾನು ಆ ಕತ್ತರಿಸಿದ ಸಾಲಿನ ಸಂಗತಿ ಹೇಳಿದೆ. ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ತೊದಲಿದೆ. ಡಾಕ್ಟರ್‌ಬಾಯಿ ಅರ್ಧ ತೆರೆದಿದ್ದ ಫ್ರಿಜ್ಜಿನ ಬಾಗಿಲು ಮುಚ್ಚಿದರು. ಆಮೇಲೆ, "ಚಹಾ ಆರತೈತಿ, ಕುಡೀರಿ," ಎಂದರು. ಅಷ್ಟೇ.

ಬೈದಿದ್ದರೆ ಕುಡಿಯಬಹುದಿತ್ತು.

ಮಾರನೆಯ ದಿನ ಶಿವಾನಂದ ಕಾಲೇಜಿನ ಲ್ಯಾಬಿಗೆ ಹೊರಟ. ನಾನೂ ಹೋದೆ. ಆ ಚುರುಕು ಆಂಪ್ಲಿಫೈಯರ್ ನೋಡಲು ಮೈಕ್ ಸೆಟ್ಟಿನಷ್ಟೂ ದೊಡ್ಡದಿಲ್ಲ. ಶಿವಾನಂದ ಸೂಜಿಯಂಥ ಝಟಕಾ ಬಿಟ್ಟ. ಪರದೆಯ ಮೇಲೆ ಅದು ಸೂಜಿಯಾಗಿಯೇ ಬಂತು, ಮೊಂಡಾಗಲಿಲ್ಲ. ಡಬ್ಬಿಯೊಳಗೆ ಫಟ್ ಎಂದಿತು. ಸುಟ್ಟ ವಾಸನೆ. ಮೊದಲ ಏಟಿಗೇ!

ಅವನು ನನ್ನ ಕಡೆ ತಿರುಗಲಿಲ್ಲ. ಇನ್ನೊಂದು ಡಬ್ಬಿ ತೆಗೆದು, ಥೈರಿಸ್ಟರುಗಳ ಪಕ್ಕ ಝಟಕಾ ಹೀರಿಕೊಳ್ಳುವ, ಬೆರಳ ತುದಿಯಷ್ಟಿನ ಎರಡೆರಡು ಬಿಡಿಭಾಗ ಬೆಸೆದ. ಮತ್ತೆ ಅದೇ ಝಟಕಾ. ತಾಳಿತು. ಮತ್ತೆ ಮತ್ತೆ ಬಿಟ್ಟ. ತಾಳಿತು. ಅಷ್ಟೇ ಬೇಕಾಗಿತ್ತು. ಕಾಲೇಜಿನ ರಜೆ ಮುಗಿಯುವ ತನಕ ತಡೆದಿದ್ದರೆ ಅಷ್ಟೇ ಸಾಕಾಗಿತ್ತು.

"ನಾನೂ ಮಾರಬಾರದಿತ್ತು ಮಾಮಾ," ಎಂದ ಶಿವಾನಂದ, ಸಾಮಾನು ಕಟ್ಟುತ್ತ. "ಗೊತ್ತಿತ್ತಲ್ಲ ನನಗ."

ನೋಡಿ, ಅವನೂ ತಪ್ಪನ್ನು ತನ್ನ ತಲೆಗೇ ಎಳೆದುಕೊಂಡ! ಈಗ ಕೊಟ್ಟ ಡಬ್ಬಿಗಳನ್ನೆಲ್ಲ ಮನೆಮನೆಗೆ ಹೋಗಿ ವಾಪಸ್ ತರುತ್ತಿದ್ದಾನೆ. ಡಾಕ್ಟರ್‌ಬಾಯಿಯ ಫ್ರಿಜ್ ಬೆಳಗಾವಿಗೆ ಬಂದು ರಿಪೇರಿಯಾಗುತ್ತಿದೆ. ನನ್ನ ಮಾತು ಕೇಳಿ ಡಬ್ಬಿ ಕೊಂಡವರು ನಿಮ್ಮಲ್ಲಿ ಇದ್ದರೆ, ದಯವಿಟ್ಟು ಇಂದೇ ಪ್ಲಗ್ ಕೀಳಿ. ಈ ಸಾಲನ್ನು ನಾನು ಕತ್ತರಿಸುವುದಿಲ್ಲ.

ನಿನ್ನೆ ಲಕ್ಷ್ಮವ್ವನನ್ನು ನೋಡಲು ಆಸ್ಪತ್ರೆಗೆ ಹೋದೆ. ಆಕೆ ನಿದ್ದೆಯಲ್ಲಿದ್ದಳು. ಪಕ್ಕದ ಸ್ಟೂಲಿನ ಮೇಲೆ ಗಂಡ ಪರಶುರಾಮ ಕೂತಿದ್ದ. ಅವನಿಗೆ ಡಬ್ಬಿಯ ವಿಷಯವೇ ಗೊತ್ತಿರಲಿಲ್ಲ. ಹೇಳದೆ ಎದ್ದು ಬರಬಹುದಿತ್ತು. ಆ ಆಸೆ ನನಗಾಯಿತು ಎನ್ನುವುದೂ ನಾಚಿಕೆಯೇ. ಹೇಳಿದೆ. ಫ್ರಿಜ್, ಝಟಕಾ, ನನ್ನ ಅಂಕಣ, ಎಲ್ಲ.

ಅವನು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಈಗ ಬಂತು ಎಂದುಕೊಂಡೆ.

"ಖರೇ ಅಂದ್ರ ಸಾಹೇಬ್ರ, ಆವತ್ತ ಹುಲ್ಲಿಗೆ ನಾ ಹೋಗಬೇಕಿತ್ತು. ಜ್ವರಾ ಅಂತ ಮಲಗಿದ್ದೆ. ತಪ್ಪು ನಂದ ಐತಿ ತಗೋರಿ," ಎಂದ.

ಇಡೀ ತಾಲೂಕಿನಲ್ಲಿ ನನ್ನನ್ನು ಬೈಯಲು ಒಬ್ಬರೂ ಇಲ್ಲವೇ?