ಒಡಪು ಇಲ್ಲದ ವೇಳಾಪಟ್ಟಿ

ನಮ್ಮ ಚರ್ಚ್ ಸಭೆಯ ಸ್ತ್ರೀಸಂಘದವರು ಒಂದು ದಿನದ ಕೂಟ ಇಟ್ಟುಕೊಂಡಾಗ ಆಟಗಳ ಜವಾಬ್ದಾರಿ ನನ್ನ ತಲೆಗೆ ಬಂತು. ಕಾರಣ ಇಷ್ಟೇ, ನಾನು ಸಾಲಿ ಅಕ್ಕೋರು. ಮಕ್ಕಳನ್ನು ಆಡಿಸುವವಳಿಗೆ ಹೆಂಗಸರನ್ನು ಆಡಿಸುವುದು ಯಾವ ಲೆಕ್ಕ ಎಂದು ಪಾದ್ರಿ ಅಯ್ಯನವರ ಹೆಂಡತಿ, ನಾವೆಲ್ಲ ಅಮ್ಮನವರು ಎಂದು ಕರೆಯುವವರು, ಆರಾಧನೆ ಮುಗಿದ ಮೇಲೆ ನನ್ನನ್ನು ಬಾಗಿಲಲ್ಲೇ ಹಿಡಿದು ಹೇಳಿದರು. ವಿಜಯಪುರ, ಟಿಕೋಟಾ, ಬಬಲೇಶ್ವರ ಸೇರಿ ಐವತ್ತು ಮಂದಿ. ಜಾಗ, ಟಿಕೋಟಾದ ಹೊರಗೆ ಒಬ್ಬರ ತೋಟದಲ್ಲಿರುವ ಒಣದ್ರಾಕ್ಷಿ ಮಾಡುವ ಶೆಡ್ಡು. ಹಂಗಾಮು ಮುಗಿದು ಹಣ್ಣು ಒಣಹಾಕುವ ಬಲೆಗಳನ್ನೆಲ್ಲ ಸುತ್ತಿಟ್ಟಿದ್ದರಿಂದ ಖಾಲಿಯಿತ್ತು. ಬೆಳಗ್ಗೆ ಪ್ರಾರ್ಥನೆ ಮತ್ತು ಸಂದೇಶ, ಆಮೇಲೆ ಊಟದ ತನಕ ಎರಡು ತಾಸು ನನ್ನ ಪಾಲು.

ಒಪ್ಪಿಕೊಂಡದ್ದರ ಹಿಂದೆ ನನ್ನದೊಂದು ಸ್ವಾರ್ಥವೂ ಇತ್ತು. ನಮ್ಮ ಅತ್ತೆಯನ್ನು ಹೇಗಾದರೂ ಮಾಡಿ ಆ ದಿನ ಮಂದಿಯ ನಡುವೆ ಕೂಡಿಸಬೇಕಿತ್ತು.

ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ಕೂಡಿಸಿ ಹೇಳುತ್ತಾರೆ. ಅದೇ ಒಡಪು. ಚರ್ಚಿನಲ್ಲಿ ಉಂಗುರ ಹಾಕಿಸಿಕೊಂಡು ಬಂದ ಮದುಮಗಳಾದರೂ ಸರಿ, ಒಡಪು ಹೇಳದೆ ಹೊಸ್ತಿಲು ದಾಟಲು ಯಾರೂ ಬಿಡುವುದಿಲ್ಲ. ಇದರಲ್ಲಿ ಅತ್ತೆಯನ್ನು ಮೀರಿಸುವವರು ಮೂರೂ ಊರಲ್ಲಿ ಇರಲಿಲ್ಲ. ಚಹಾ ಕೊಟ್ಟರೆ ಚಹಾದ ಮೇಲೊಂದು, ಬಸ್ಸು ತಡವಾದರೆ ಬಸ್ಸಿನ ಮೇಲೊಂದು, ಎಲ್ಲದರಲ್ಲೂ ಮಾವನ ಹೆಸರು. ಮಾವ ಅತ್ತ ಮುಖ ತಿರುಗಿಸಿ ಮೀಸೆಯಲ್ಲೇ ನಗುತ್ತಿದ್ದರು.

ಮಾವ ತೀರಿಕೊಂಡ ಮರುವರ್ಷ ಒಂದು ಮದುವೆಯಲ್ಲಿ ಹೆಂಗಸರು ಸಾಲಾಗಿ ಕೂತು ಒಡಪು ಹೇಳುತ್ತಿದ್ದರು. ಅತ್ತೆಯ ಪಾಳಿ ಬಂದಾಗ ಒಡಪು ಹೇಳಿಸುತ್ತಿದ್ದಾಕೆ ಅವರ ಕೈಗೊಂದು ಚಹಾದ ಕಪ್ಪು ಕೊಟ್ಟು, ಆಚೆ ಕೂತವಳನ್ನು ಕೇಳಿದಳು. ಗಂಡ ಸತ್ತವರನ್ನು ಒಡಪು ಕೇಳಬಾರದು ಎಂಬುದು ರೂಢಿ. ಇದು ನಮ್ಮ ಬೈಬಲಿನ ಯಾವ ಪುಟದಲ್ಲೂ ಇಲ್ಲ, ಆದರೂ ನಮ್ಮ ನಡುವೆ ಗಟ್ಟಿಯಾಗಿ ತಳವೂರಿದೆ. ಅಂದಿನಿಂದ ಅತ್ತೆಗೆ ಸ್ತ್ರೀಸಂಘ ಎಂದರೆ ಮೊಣಕಾಲು ನೋವು, ಮದುವೆ ಎಂದರೆ ತಲೆನೋವು. ದಿನವಿಡೀ ಅಥಣಿ ರಸ್ತೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಎದುರಿಗೆ ಏಳುತ್ತಿದ್ದ ಹೊಸ ಮನೆಗಳಿಗೆ ನೀರು ಹೊಡೆಯುವುದನ್ನು ನೋಡುತ್ತಿದ್ದರು. ಹೀಗೇ ಬಿಟ್ಟರೆ ಅವರು ಪೂರ್ತಿ ಮೌನವಾಗಿಬಿಡುತ್ತಾರೆ ಎಂದು ನನಗೆ ದಿಗಿಲು.

ವೇಳಾಪಟ್ಟಿ ಎಂದರೆ ನನಗೆ ಜೀವ. ಮೊಬೈಲು ನೋಡಿ ನೋಡಿ ಆಟಗಳನ್ನು ಆರಿಸಿದೆ. ಯಾವುದೋ ದೇಶದ ಹೆಂಗಸರು ಒಬ್ಬಳಿಗೆ ಮೈತುಂಬ ಕಾಗದ ಸುತ್ತಿ ಮದುಮಗಳನ್ನು ಮಾಡುತ್ತಿದ್ದರು. ಅದನ್ನು ತೋರಿಸಿದಾಗ ಅಮ್ಮನವರು, ಅಷ್ಟು ಕಾಗದದಲ್ಲಿ ನಮ್ಮ ಸಂಡೇ ಸ್ಕೂಲಿನ ಮಕ್ಕಳು ಒಂದು ವರ್ಷ ಚಿತ್ರ ಬರೆಯುತ್ತಾರೆ ಎಂದು ಅಲ್ಲಿಗೇ ಅದರ ಕಥೆ ಮುಗಿಸಿದರು. ಉಳಿದದ್ದು ಬಲೂನು ಓಟ, ಲಿಂಬೆಹಣ್ಣು-ಚಮಚ, ಬೈಬಲಿನಲ್ಲಿ ವಾಕ್ಯ ಹುಡುಕುವ ಸ್ಪರ್ಧೆ. ತೋಟದ ಒಡತಿ ಫೋನು ಮಾಡಿ ಒಡಪು ಇಟ್ಟೀರೇನು ಎಂದು ಕೇಳಿದಾಗ ವೇಳೆ ಸಾಲುವುದಿಲ್ಲ ಎಂದು ಸುಳ್ಳು ಹೇಳಿದೆ. ಅತ್ತೆಯ ಎದುರು ಒಡಪು ಆಡಿಸಿ ಗಾಯಕ್ಕೆ ಉಪ್ಪು ಸವರುವುದು ನನಗೆ ಬೇಡವಾಗಿತ್ತು. ಅತ್ತೆಗೆ ಮಾತ್ರ, ಅಂಕ ಬರೆಯಲು ಯಾರೂ ಇಲ್ಲ, ನೀವು ಬರದಿದ್ದರೆ ನನ್ನ ಮರ್ಯಾದೆ ಹೋಗುತ್ತದೆ ಎಂದು ಗೋಗರೆದೆ. ನನ್ನ ಮರ್ಯಾದೆಯ ಮೇಲೆ ಅವರಿಗೆ ಕನಿಕರ ಹುಟ್ಟಿತು.

ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟಿನಲ್ಲಿ ನಾವು ಟಿಕೋಟಾ ತಲುಪುವಷ್ಟರಲ್ಲಿ ಬಬಲೇಶ್ವರದವರು ರೊಟ್ಟಿ ಗಂಟಿನ ಸಮೇತ ಜೀಪಿನಲ್ಲಿ ಬಂದಿಳಿದಿದ್ದರು. ನನ್ನ ಆಟಗಳ ಗತಿಯನ್ನು ಚುಟುಕಾಗಿ ಹೇಳುತ್ತೇನೆ. ಸ್ಟೇಷನ್ ರಸ್ತೆಯಲ್ಲಿ ಹುಡುಕಿ ತಂದ ಬಲೂನುಗಳು ಶೆಡ್ಡಿನ ತಂತಿಗೆ ತಾಗಿ ಒಂದೊಂದಾಗಿ ಢಂ ಎಂದವು. ಅಮ್ಮನವರು ಪ್ರತಿ ಸಲವೂ ಎದೆ ಹಿಡಿದುಕೊಂಡರು. ಲಿಂಬೆಹಣ್ಣನ್ನು ಅಡುಗೆಯವರು ಅದಾಗಲೇ ಕತ್ತರಿಸಿಬಿಟ್ಟಿದ್ದರು. ವಾಕ್ಯ ಹುಡುಕುವುದರಲ್ಲಿ ನಾವು ವಿಜಯಪುರದ ನೌಕರಿಯವರೇ ಎಲ್ಲ ಬಹುಮಾನ ಬಾಚಿಕೊಂಡಿದ್ದರಿಂದ, ಹೊಲದಲ್ಲಿ ದುಡಿಯುವ ಹೆಂಗಸರು ಕಾಲು ಚಾಚಿ ಆಕಳಿಸಿದರು. ವೇಳಾಪಟ್ಟಿ ಅರ್ಧ ತಾಸಿಗೇ ಮುಗಿದುಹೋಯಿತು.

ಆಗ ತೋಟದ ಒಡತಿ ಎದ್ದು ನಿಂತು, ಈ ಇಂಗ್ಲಿಷ್ ಆಟ ಸಾಕು, ನಮ್ಮ ಒಡಪು ನಡೆಯಲಿ ಎಂದರು. ಶೆಡ್ಡಿಗೆ ಶೆಡ್ಡೇ ಹೋ ಎಂದಿತು. ಅತ್ತೆ ತಲೆ ತಗ್ಗಿಸಿ ಅಂಕದ ಹಾಳೆಗೆ ಗೆರೆ ಎಳೆಯುತ್ತಿದ್ದರು.

ಎಲ್ಲರೂ ದುಂಡಗೆ ಕೂತೆವು. ಬಟ್ಟೆಯ ಚೆಂಡೊಂದು ಕೈಯಿಂದ ಕೈಗೆ ಹೋಗಬೇಕು, ನಾನು ಬೆನ್ನು ತಿರುಗಿಸಿ ಊಟದ ತಾಟು ಬಡಿಯಬೇಕು, ಬಡಿತ ನಿಂತಾಗ ಚೆಂಡು ಯಾರ ಕೈಯಲ್ಲಿರುತ್ತದೋ ಅವರು ಒಡಪು ಹೇಳಬೇಕು. ನಾನು ಬೆನ್ನೇನೋ ತಿರುಗಿಸಿದೆ, ಆದರೆ ಹೊಳೆಯುವ ಸ್ಟೀಲ್ ತಾಟಿನಲ್ಲಿ ಹಿಂದಿನದೆಲ್ಲ ಕಾಣುತ್ತಿತ್ತು. ಚೆಂಡು ಅತ್ತೆಯ ಹತ್ತಿರ ಬಂದಾಗೆಲ್ಲ ಬಡಿತ ಜೋರು ಮಾಡಿ ದಾಟಿಸಿದೆ. ಅವರೊಬ್ಬರನ್ನೇ ಬಿಟ್ಟರೆ ಎದ್ದು ಕಾಣುತ್ತದೆಂದು ಉಳಿದ ವಿಧವೆಯರನ್ನೂ ದಾಟಿಸಿದೆ. ಐದು ಮಂದಿ ಇದ್ದರು. ಅವರಲ್ಲಿ ಬಬಲೇಶ್ವರದ ಒಬ್ಬ ಅಜ್ಜಿ ಚೆಂಡು ಬಂದೊಡನೆ ತಾವೇ ಬಿಸಿ ತಾಗಿದವರಂತೆ ಪಕ್ಕಕ್ಕೆ ಎಸೆಯುತ್ತಿದ್ದರು. ಆಟ ರಂಗೇರಿತು. ಅಮ್ಮನವರು ಕೂಡ ಅಯ್ಯನವರ ಹೆಸರನ್ನು ಬದನೆಕಾಯಿ ಪಲ್ಯಕ್ಕೆ ಪ್ರಾಸ ಮಾಡಿ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಎಲ್ಲರನ್ನೂ ನಗಿಸಿ, ಅತ್ತೆಯನ್ನೂ ಕಾಪಾಡುತ್ತಿದ್ದೇನೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ನಾಲ್ಕನೆಯ ಸುತ್ತಿನಲ್ಲಿ ಚೆಂಡು ಅತ್ತೆಯ ಕೈಗೆ ಬಂತು. ಜೋರಾಗಿ ಬಡಿದೆ. ಚೆಂಡು ಮುಂದೆ ಹೋಗಲಿಲ್ಲ. ಇನ್ನೂ ಜೋರಾಗಿ ಬಡಿದೆ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈ ಮೇಲಿಟ್ಟು ಕೂತಿದ್ದರು.

"ತಾಟ ಬಡಿಯೂದ ನಿಂದ್ರಸ ಬೇ," ಎಂದರು ಅತ್ತೆ. "ಆಗಿಂದ ನೋಡಾಕತ್ತೇನಿ. ಅವತ್ತ ಮದುವ್ಯಾಗ ಚಹಾ ಕೊಟ್ಟ ದಾಟಿಸಿದ್ರು, ಇವತ್ತ ನೀ ತಾಟ ಬಡದ ದಾಟಸ್ತಿ. ಸತ್ತಾವರು ಅವರು, ನಾ ಅಲ್ಲ."

ಒಡಪು ಕೇಳಿದರೆ ಅವರಿಗೆ ನೋವಾಗುತ್ತದೆ ಎಂದು ಎರಡು ವರ್ಷದಿಂದ ನಾನೇ ಲೆಕ್ಕ ಹಾಕಿಕೊಂಡಿದ್ದೆ. ಕೇಳದೆ ಹೋದದ್ದೇ ನೋವೆಂದು ಒಂದು ದಿನವೂ ಹೊಳೆದಿರಲಿಲ್ಲ. ಅವರ ಬಾಯಿ ಮುಚ್ಚಿಸಿದವರಲ್ಲಿ ನಾನೂ ಒಬ್ಬಳು. ನಾಚಿಕೆಯಿಂದ ತಾಟು ಕೆಳಗಿಟ್ಟೆ.

ಅತ್ತೆ ಸೆರಗು ಸರಿಮಾಡಿಕೊಂಡರು, ಶೆಡ್ಡಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದರು. "ದ್ರಾಕ್ಷಿ ಒಣಗಿದರೇನಾತು, ಕಡಿಮಿ ಆಗಂಗಿಲ್ಲ ಸಿಹಿ," ಎಂದು ಶುರುಮಾಡಿ, ಮಾವನ ಹೆಸರನ್ನು ಅವರಪ್ಪನ ಹೆಸರಿನ ಸಮೇತ ನಿಧಾನವಾಗಿ ಹೇಳಿ, "ಇವರ ಹೆಸರಿಗೆ ಇವತ್ತಿಗೂ ನಂದ ಸಹಿ," ಎಂದು ಮುಗಿಸಿದರು. ತೋಟದ ಒಡತಿ ಜೋರಾಗಿ ಸೀಟಿ ಹೊಡೆದರು. ಸಭೆಯ ಹಿರಿಯ ಹೆಂಗಸೊಬ್ಬರು ಸೀಟಿ ಹೊಡೆಯಬಲ್ಲರೆಂದು ಆವತ್ತೇ ನಮಗೆಲ್ಲ ಗೊತ್ತಾಯಿತು.

ಅತ್ತೆ ನಗಲಿಲ್ಲ. ಎದ್ದರು, ಮೊಣಕಾಲಿನ ನೋವು ಎಲ್ಲಿ ಹೋಗಿತ್ತೋ, ನೆಟ್ಟಗೆ ನಡೆದು ಬಬಲೇಶ್ವರದ ಅಜ್ಜಿಯ ಪಕ್ಕ ಕೂತು ಚೆಂಡನ್ನು ಅವರ ಕೈಯಲ್ಲಿಟ್ಟರು. ಅಜ್ಜಿ ಈ ಸಲ ಎಸೆಯಲಿಲ್ಲ.

"ಒಡಪ ಬರಂಗಿಲ್ರಿ ನನಗ," ಎಂದರು ಅಜ್ಜಿ. "ಮದುವ್ಯಾಗಿ ಮೂರ ವರ್ಷಕ್ಕ ಹೋದ್ರು. ನಾ ಕಲಿಯೂದರಾಗ ಮಂದಿ ಕೇಳೂದ ಬಿಟ್ರು. ಬರೇ ಹೆಸರ ಹೇಳ್ಲೇನ್ರಿ?"

ಹೇಳಿರಿ ಎಂದು ಅತ್ತೆ ತಲೆಯಾಡಿಸಿದರು. ಅಜ್ಜಿ ಚೆಂಡನ್ನೇ ನೋಡುತ್ತ ಹೆಸರು ಹೇಳಿದರು. ಎಷ್ಟು ಸಣ್ಣ ದನಿಯೆಂದರೆ ಎದುರಿಗಿದ್ದ ನನಗೂ ಕೇಳಿಸಲಿಲ್ಲ.

"ಇನ್ನೊಮ್ಮಿ ಹೇಳ್ರಿ," ಎಂದರು ಅತ್ತೆ, "ಎಲ್ಲಾರಿಗೂ ಕೇಳೂಹಂಗ."

ಅಜ್ಜಿ ತಲೆಯೆತ್ತಿ, ಹೊಲದ ಆಚೆ ಬದುವಿನಲ್ಲಿದ್ದವರನ್ನು ಕೂಗುವ ದನಿಯಲ್ಲಿ, ಇನ್ನೊಮ್ಮೆ ಹೇಳಿದರು.