ಬಲಗಡೆಯಿಂದ ಹೊಡೆದ ನಂಬರು

ಹನುಮಂತರಾಯಪ್ಪಣ್ಣನವರಿಗೆ ಯಾವ ನಂಬರೂ ಸುಮ್ಮನೆ ಕಾಣುವುದಿಲ್ಲ. ಮಾಕಳಿಯಿಂದ ಬರುವ ಬಸ್ಸಿನ ಟಿಕೆಟ್ಟಿನ ನಂಬರನ್ನೂ ಮೂರರಿಂದಲೋ ಹನ್ನೊಂದರಿಂದಲೋ ಭಾಗಿಸಿ ನೋಡಿದ ಮೇಲೇ ಜೇಬಿಗಿಡುತ್ತಾರೆ. ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷದಿಂದ ಅವರದು ಒಂದೇ ಕೆಲಸ, ಉಕ್ಕಿನ ವಾಲ್ವುಗಳ ಮೇಲೆ ಸುತ್ತಿಗೆಯಲ್ಲಿ ನಂಬರ್ ಪಂಚ್ ಹೊಡೆಯುವುದು. ಅದನ್ನು ಆ ವಾಲ್ವಿನ ನಂಬರ್ ಬರೆದ ಸ್ಲಿಪ್ಪಿನ ಜೊತೆ ಹೋಲಿಸಿ ಸಹಿ ಹಾಕುವವಳು ನಾನು. ನನಗೋ ಲೆಕ್ಕವೆಂದರೆ ತಲೆನೋವು. "ಅಣ್ಣ, ನಿಮ್ಮ ಭಾಗಾಕಾರ ನಿಮ್ಮತ್ರಾನೇ ಇಟ್ಕೊಳ್ಳಿ" ಎಂದು ಎಷ್ಟು ಸಲ ಗದರಿದ್ದೇನೋ!

ಹೋದ ತಿಂಗಳು ಒಂದು ವಾಲ್ವಿಗೆ ತಪ್ಪು ಅಂಕಿ ಬಿತ್ತು. ಸೂಪರ್‌ವೈಸರ್ ನಂದೀಶ್ ಮುಲಾಜಿಲ್ಲದೆ ಹೇಳಿಬಿಟ್ಟ: "ಇನ್ನೊಂದ್ ತಪ್ಪಾದ್ರೆ ಸುತ್ತಿಗೆ ಕೆಳಗಿಟ್ಟು ಪ್ಯಾಕಿಂಗ್‌ಗೆ ಹೋಗಿ." ಅವತ್ತು ಅಣ್ಣನಿಗೆ ಊಟ ಸೇರಲಿಲ್ಲ.

ಮೊನ್ನೆ ಮಂಗಳವಾರ ಬೆಳಗಿನಿಂದ ರಬ್ಬರ್ ಭಾಗಗಳನ್ನು ಒತ್ತುವ ಉಕ್ಕಿನ ಅಚ್ಚುಗಳ ಕೆಲಸವಿತ್ತು. ಅಚ್ಚಿನಲ್ಲಿ ಎಲ್ಲವೂ ಉಲ್ಟಾ. ಉಲ್ಟಾ ಅಂಕಿಯ ಪಂಚ್ ಹಿಡಿದು ಬಲಗಡೆಯಿಂದ ಹೊಡೆಯುತ್ತಾ ಬಂದರೇ ರಬ್ಬರಿನ ಮೇಲೆ ನೆಟ್ಟಗೆ ಮೂಡುವುದು. ಊಟವಾದ ಮೇಲೆ ದೊಡ್ಡ ವಾಲ್ವ್ ಬಂತು. ಅಣ್ಣ ಮಾಮೂಲಿ ಪಂಚುಗಳ ಪೆಟ್ಟಿಗೆಯನ್ನೇ ತೆಗೆದರು, ಸರಿ. ಆದರೆ ಕೈ ಬೆಳಗಿನ ಅಭ್ಯಾಸದಲ್ಲೇ ಬಲಗಡೆಯಿಂದ ಶುರು ಮಾಡಿತು. ಸ್ಲಿಪ್ಪಿನ ಮೊದಲ ಅಂಕಿಯಿಂದ ಒಂದೊಂದೇ ನೋಡಿ ಹೊಡೆಯುವವರಿಗೆ ಪೂರ್ತಿ ನಂಬರ್ ಎಲ್ಲಿ ಕಾಣಬೇಕು? ಎಂಟನೆಯದು ಹೊಡೆದು ನೋಡಿದರೆ ಎಡತುದಿಯಲ್ಲಿದ್ದರು, ಆಗಲೇ ಗೊತ್ತಾದದ್ದು.

"ಯಮುನಾ, ಕೆಟ್ಟೆ ಕಣಮ್ಮ! ನಂಬರ್ ಹಿಂದುಮುಂದಾಗೋಯ್ತು" ಎಂದು ಸ್ಟೂಲಿನ ಮೇಲೆ ಕುಸಿದರು. ಉಕ್ಕಿನ ಮೇಲೆ ಬಿದ್ದದ್ದನ್ನು ಅಳಿಸುವ ಹಾಗಿಲ್ಲ. ನನಗೆ ಕೋಪವೂ ಬಂತು, ಅಳುವೂ ಬಂತು. "ಒಂದ್ ಗಳಿಗೆ ನೋಡ್ಕೊಂಡು ಹೊಡೀಬಾರ್ದಾ ಅಣ್ಣ?" ಎಂದು ರೇಗುತ್ತಲೇ ಸ್ಲಿಪ್ ಹಿಡಿದು ಬಗ್ಗಿದೆ.

ಸ್ಲಿಪ್ಪಿನಲ್ಲಿ 27599572. ವಾಲ್ವಿನ ಮೇಲೂ 27599572. ಬೆರಳಿಟ್ಟು ಮತ್ತೊಮ್ಮೆ ಓದಿದೆ.

"ಅಣ್ಣ, ಸರಿಯಾಗೇ ಇದೆ!"

"ಸಮಾಧಾನಕ್ಕೆ ಯೋಳ್ಬೇಡ."

"ದೇವ್ರಾಣೆಗೂ! ಯಾವ ಕಡೆಯಿಂದ ಓದಿದ್ರೂ ಅದೇ ನಂಬರು, ಬಂದು ನೋಡಿ."

ಎದ್ದು ಬಂದು ಎರಡೂ ಕಡೆಯಿಂದ ಓದಿದರು. ಉದ್ದಕ್ಕೆ ಉಸಿರು ಬಿಟ್ಟರು. ಚಾಕ್‌ಪೀಸ್ ತೆಗೆದುಕೊಂಡು, "ಎಂಟಂಕಿ ಇದ್ದು ಇಂಗೆ ಎರಡೂ ಕಡೆ ಒಂದೇ ಆದ್ರೆ ಅದು ಹನ್ನೊಂದ್ರಲ್ಲಿ ಹೋಗ್ಲೇಬೇಕು" ಎನ್ನುತ್ತಾ ಮೇಜಿನ ಮೇಲೆ ಭಾಗಿಸಿದರು. ಶೇಷ ಉಳಿಯಲಿಲ್ಲ. ಬಂದ ಉತ್ತರ 2509052.

"ಅಯ್ಯಯ್ಯೋ, ಇದೂ ಅಂಗೇ ಐತಲ್ಲಮ್ಮ!" ನಗುತ್ತಾ ಕಣ್ಣೊರೆಸಿಕೊಂಡರು. ಈ ಸಲ ನಾನು ಗದರಲಿಲ್ಲ. ಎದೆ ಹಗುರಾಗಿ ಸಹಿ ಹಾಕಿದೆ. ನಂದೀಶ್ ಬಂದು ನೋಡಿ, "ಸಕ್ಕತ್ತಾಗಿ ಕೂತಿದೆ, ಕಳಿಸಿ" ಎಂದು ಹೋದ.

ಮುಂದಿನ ವಾಲ್ವ್ ಬಂತು. ಅದರ ಸ್ಲಿಪ್ಪಿನಲ್ಲಿ 27599573. ಅಣ್ಣ ಅದನ್ನೇ ನೋಡುತ್ತಾ ಬಾಯಲ್ಲೇ ಲೆಕ್ಕ ಹಾಕಿದರು.

"ಅಂಥದ್ದು ಇನ್ನೊಂದು ಬರೋಕೆ ಸಾವಿರದ ನೂರು ವಾಲ್ವ್ ಆಗ್ಬೇಕು. ಅಷ್ಟರಲ್ಲಿ ನಾನೇ ರಿಟೈರ್ ಆಗಿರ್ತೀನಿ" ಎಂದು ಚಾಕ್‌ಪೀಸನ್ನು ನನ್ನ ಕೈಗಿಟ್ಟರು. "ಎಡಗಡೆ ಒಂದ್ ಗೀಟು ಎಳ್ದುಬಿಡು ತಾಯಿ."

ನಾನು ದಪ್ಪಗೆ ಗೀಟೆಳೆದೆ. ಅವರು ಸುತ್ತಿಗೆ ಎತ್ತಿಕೊಂಡರು.