ಹೂಜಿಯ ನೀರು

ಕಡಬದ ನಮ್ಮ ಮನೆಯ ಬೇಲಿಯಾಚೆ ಇದ್ದದ್ದು ಬ್ಯಾರಿ ಮುಸ್ಲಿಮರ ಮನೆ. ಆ ಮನೆಯ ಮಗ ಗಲ್ಫಿನಲ್ಲಿದ್ದ. ರಜೆಗೆ ಬಂದವನು ಎಲ್ಲರ ಹಾಗೆ ಅತ್ತರು, ಟಾರ್ಚು, ಕಂಬಳಿ ತಂದದ್ದಲ್ಲದೆ ಒಂದು ಕಂಪ್ಯೂಟರನ್ನೂ ತಂದಿದ್ದ. ಎಂಬತ್ತರ ದಶಕದ ಕೊನೆಯ ಮಾತು ಇದು. ಕಂಪ್ಯೂಟರ್ ಅಂದರೆ ಆಗ ಬರೀ ಒಂದು ಕೀಲಿಮಣೆ. ಅದನ್ನು ಟಿವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದರೆ, ಕ್ಯಾಸೆಟ್ಟು ಬಹಳ ಹೊತ್ತು ಕಿರುಚಿದ ಮೇಲೆ ಪರದೆಯಲ್ಲಿ ಆಟ ಬರುತ್ತಿತ್ತು. ಹೆಂಡತಿಗೆ ಅದನ್ನು ಹಾಕುವ ಕ್ರಮ ಕಲಿಸಿ ಅವನು ವಾಪಸು ಹೋದ. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಹಾಗೆ ನಾನು ಮಧ್ಯಾಹ್ನ ಊಟವಾದ ಮೇಲೆ ಅಲ್ಲಿಗೆ ಹೋಗತೊಡಗಿದೆ.

ನಾನು ಪಿಯುಸಿ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಪುತ್ತೂರಿನ ಕಾಲೇಜಿಗೆ ಸೇರಿ ಬಿ.ಎ. ಮಾಡಬೇಕೆಂದು ನನಗೆ, ಒಳ್ಳೆಯ ಸಂಬಂಧ ಬಂದರೆ ಕೊಟ್ಟುಬಿಡಬೇಕೆಂದು ಸೋದರಮಾವನಿಗೆ. ನಮ್ಮಲ್ಲಿ ಮಾವ ಒಂದು ಮಾತು ಹೇಳಿದರೆ ಅದರ ಮೇಲೆ ಇನ್ನೊಂದು ಮಾತಿಲ್ಲ. ಗುತ್ತಿಗಾರಿನ ಕಡೆಯವರು ಕಾಲೇಜು ಶುರುವಾಗುವ ಮೊದಲೇ ನೋಡಲು ಬರುತ್ತಾರೆ ಎಂದು ಮಾವ ಹೇಳಿ ಹೋಗಿದ್ದರು. ಬಂದವರು ಒಪ್ಪಿದರೆ ನನ್ನ ಓದು ಅಲ್ಲಿಗೆ ಮುಗಿಯಿತು. ಹುಡುಗಿಗೆ ಒಪ್ಪಿಗೆಯಾ ಎಂದು ಕೇಳುವ ಕ್ರಮ ಇರಲಿಲ್ಲ. ಬಿಸಿಲಿಗೆ ಬಣ್ಣ ಕೆಡುತ್ತದೆ ಎಂದು ಅಮ್ಮ ನನ್ನನ್ನು ಪೇಟೆಗೂ ಬಿಡುತ್ತಿರಲಿಲ್ಲ. ಬಣ್ಣ ಮೊದಲೇ ಅಷ್ಟಕ್ಕಷ್ಟೆ, ಅದರಲ್ಲಿ ಕೆಡಲು ಏನಿತ್ತೋ ದೇವರಿಗೇ ಗೊತ್ತು. ಬೇಲಿ ದಾಟಿ ಹೋಗುವುದೊಂದು ಉಳಿದಿತ್ತು.

ಆಚೆ ಮನೆಯ ಆಕೆಯನ್ನು ಅಕ್ಕ ಎಂದು ಕರೆಯುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಗಂಡನ ಮುಖ ಎರಡು ವರ್ಷಕ್ಕೊಮ್ಮೆ ನೋಡುವವಳು, ಅತ್ತೆಯ ಜೊತೆಯಲ್ಲದೆ ಅಂಗಳದ ಬೇಲಿಯ ದಣಪೆ ದಾಟದವಳು. ಅತ್ತೆ ಮಲಗಿದ ಹೊತ್ತಿನಲ್ಲಿ ನಮ್ಮ ಆಟ.

ಆ ಆಟದಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ. ಒಂದು ಕಥೆ. ನೀನು ಒಂದು ಕೋಟೆಯೊಳಗೆ ಎಚ್ಚರಗೊಂಡಿದ್ದೀ, ಹಿಂದಿನ ಬಾಗಿಲು ಮುಚ್ಚಿದೆ, ಕೈಯಲ್ಲಿ ಒಂದು ಹೂಜಿ ನೀರು ಇದೆ ಎಂದು ಶುರು. ಮುಂದೇನು ಮಾಡುತ್ತೀ ಎಂದು ಅದು ಕೇಳುತ್ತದೆ, ನಾವು ಒತ್ತಿದ ಪ್ರಕಾರ ಕಥೆ ಸಾಗುತ್ತದೆ. ನಾನು ಓದಿ ತುಳುವಿನಲ್ಲಿ ಹೇಳುವುದು, ಅಕ್ಕ ಯೋಚಿಸಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಒತ್ತುವುದು. ಕತ್ತಲೆಯ ಕೋಣೆ ಬಂದಾಗ ಅಕ್ಕ ನಿಜವಾಗಿಯೂ ಹೆದರಿ ಸೆರಗನ್ನು ತಲೆಗೆ ಬಿಗಿದುಕೊಳ್ಳುತ್ತಿದ್ದಳು. ನಾನು ನಗುತ್ತಿದ್ದೆ, ಆದರೆ ಅವಳಿಗೆ ತಾಗಿಕೊಂಡೇ ಕೂರುತ್ತಿದ್ದೆ.

ಮೊದಲನೆಯ ಬಾಗಿಲಲ್ಲೇ ಒಬ್ಬ ಮುದುಕ ಕೂತಿದ್ದ. ಅವನ ತುಟಿ ಒಣಗಿದೆ ಎಂದು ಬರೆದಿತ್ತು. ಅವನು ನೀರು ಕೇಳಲಿಲ್ಲ, ಕೇಳಲಿ ಎಂದು ಅಕ್ಕ ಕಾಯಲೂ ಇಲ್ಲ. ಕೊಡು ಎಂದಳು, ಕೊಟ್ಟೆ. ಅವನು ಹೂಜಿಯನ್ನು ಖಾಲಿ ಮಾಡಿ, ಒಳ್ಳೆಯದಾಗಲಿ ಎಂದು ದಾರಿ ಬಿಟ್ಟ. ಅಲ್ಲಿಂದ ಹಾವಿನ ಕೋಣೆ, ಬೀಗದ ಕೋಣೆ, ಮೆಟ್ಟಿಲು. ಒಂದೊಂದನ್ನು ದಾಟುವುದಕ್ಕೂ ದಿನಗಟ್ಟಲೆ ಹಿಡಿಯಿತು. ಎಲ್ಲ ದಾಟಿ ಹೊರಬಾಗಿಲಿಗೆ ಬಂದರೆ ಅದರ ಹೊಸ್ತಿಲಲ್ಲಿ ಬೆಂಕಿ ಉರಿಯುತ್ತಿತ್ತು.

ಅಲ್ಲಿ ಸಿಕ್ಕಿಬಿದ್ದೆವು. ಹಾರು ಎಂದೆವು, ಬಟ್ಟೆ ಹಾಕಿ ನಂದಿಸು ಎಂದೆವು, ಹಿಂದೆ ಹೋಗು ಎಂದೆವು. ಹಿಂದಿನ ಬಾಗಿಲು ಮುಚ್ಚಿದೆ. ಬೆಂಕಿ ಉರಿಯುತ್ತಿದೆ. ಹೂಜಿ ಖಾಲಿ ಇದೆ. ಸಾಯಿಸಿಯಾದರೂ ಬಿಡಬಹುದಿತ್ತು, ಆಟ ಸಾಯಿಸುತ್ತಲೂ ಇರಲಿಲ್ಲ. ನೀರು ಬೇಕು ಎಂದು ನಮಗೆ ಗೊತ್ತಾಗಿತ್ತು. ಹಾಗಾಗಿ ಪ್ರತಿ ಸಲವೂ ಮೊದಲಿನಿಂದ ಶುರು ಮಾಡಿ ಕೋಟೆಯಿಡೀ ಬಾವಿ ಹುಡುಕಿದೆವು. ಬಾವಿ ತೋಡದೆ ಕೋಟೆ ಕಟ್ಟಿದವನು ಎಂಥ ಮೂರ್ಖ ಎಂದು ಬೈದೆವು. ನಡುವೆ ಕರೆಂಟು ಹೋದರೆ ಪುನಃ ಕ್ಯಾಸೆಟ್ಟಿನ ಕಿರುಚಾಟದಿಂದ ಶುರು. ಮುದುಕನಿಗೆ ನೀರು ಕೊಟ್ಟದ್ದೇ ತಪ್ಪು ಎಂಬುದು ಮಾತ್ರ ಇಬ್ಬರ ತಲೆಗೂ ಹೋಗಲಿಲ್ಲ. ಹೇಗೆ ಹೋಗಬೇಕು? ಶತ್ರು ಬಂದರೂ ಮೊದಲು ಬೆಲ್ಲ ನೀರು ಕೊಟ್ಟು ಆಮೇಲೆ ಜಗಳ ಮಾಡುವ ಊರು ನಮ್ಮದು.

ಅದು ಹೊಳೆದದ್ದು ಅಮ್ಮ ನನಗೆ ನೀರು ಕೊಡುವುದನ್ನು ಕಲಿಸುತ್ತಿದ್ದಾಗ. ನೋಡಲು ಬರುವವರಿಗೆ ಹುಡುಗಿಯೇ ಬೆಲ್ಲ ನೀರು ತಂದು ಕೊಡಬೇಕು, ಹಿರಿಯರಿಗೆ ಮೊದಲು, ಬಗ್ಗಿ, ಬಳೆ ಸದ್ದು ಮಾಡದೆ. ಖಾಲಿ ಲೋಟ ಹಿಡಿದುಕೊಂಡು ಚಾವಡಿಯಲ್ಲಿ ಆಚೀಚೆ ನಡೆಯುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಕೊಡದೆ ಹೋದರೆ?

ಮಾರನೆಯ ದಿನ ಅಕ್ಕನಿಗೆ ಹೇಳಿದೆ. ಅವಳು ಕೀಲಿಮಣೆಯನ್ನು ನನ್ನ ಕಡೆ ತಳ್ಳಿದಳು.

"ಬಾಯಾರಿ ಕೂತವನ ಎದುರಿನಿಂದ ನೀರು ಹಿಡ್ಕೊಂಡು ಹೋಗುದಾ? ನನ್ನಿಂದ ಆಗುದಿಲ್ಲ ಮಾರಾಯ್ತಿ. ಬೇಕಾದರೆ ನೀನು ಹೋಗು."

ನಾನು ಹೋದೆ. ಮುದುಕ ನಿನ್ನ ಹೂಜಿಯನ್ನು ನೋಡುತ್ತಿದ್ದಾನೆ ಎಂದು ಬಂತು. ಅದನ್ನು ನಾನು ಅಕ್ಕನಿಗೆ ಓದಿ ಹೇಳಲಿಲ್ಲ. ಹೊರಬಾಗಿಲಲ್ಲಿ ನೀರು ಹೊಯ್ದೆ, ಬೆಂಕಿ ನಂದಿತು, ಬಾಗಿಲು ತೆರೆಯಿತು. ಹೊರಗೆ ಬೆಳಕು, ಒಂದು ಗುಡ್ಡ, ಎಲ್ಲಿಗೋ ಹೋಗುವ ಒಂದು ಮಾರ್ಗ. ಅಷ್ಟು ಸಂತೋಷ ನನಗೆ ಪಿಯುಸಿ ಪಾಸಾದಾಗಲೂ ಆಗಿರಲಿಲ್ಲ. ಅಕ್ಕ ಕೇಳಿದ್ದು ಒಂದೇ, ಆ ಅಜ್ಜನಿಗೆ ಏನಾಯಿತು ಎಂದು. ಕಥೆಯಲ್ಲಿ ಅದು ಇರಲಿಲ್ಲ.

ಆ ವಾರವೇ ಗುತ್ತಿಗಾರಿನವರು ಬಂದರು. ನಾನು ಏನು ಮಾಡಬೇಕೆಂದು ನಿಶ್ಚಯ ಮಾಡಿಯಾಗಿತ್ತು. ನೀರು ಕೊಡದ ಮನೆಯಿಂದ ನಮ್ಮ ಕಡೆ ಯಾರೂ ಹೆಣ್ಣು ತರುವುದಿಲ್ಲ. ಅಮ್ಮ ತಟ್ಟೆಯನ್ನು ಕೈಗೆ ಕೊಟ್ಟು ಚಾವಡಿಗೆ ಹೋದ ಕೂಡಲೇ ಅದನ್ನು ಅಲ್ಲೇ ಇಟ್ಟು, ಹಿತ್ತಿಲ ಬಾಗಿಲಿನಿಂದ ಅಕ್ಕನ ಮನೆಗೆ ಹೋಗಿ ಕೂರುವುದು. ಮಾವ ಹೊಡೆದರೆ ಹೊಡೆಯಲಿ. ಹಿತ್ತಿಲ ಬಾಗಿಲು ತೆರೆದೇ ಇತ್ತು.

ತಟ್ಟೆ ಇಡುವ ಮೊದಲು ಬಾಗಿಲ ಸಂದಿಯಿಂದ ಒಮ್ಮೆ ನೋಡಿದೆ. ನೋಡಬಾರದಿತ್ತು. ಹುಡುಗ ಎಲ್ಲಿ ಕೂತಿದ್ದನೋ ನನಗೆ ಕಾಣಲಿಲ್ಲ. ಕಂಡದ್ದು ಅವನ ಅಜ್ಜ. ದಾರಿಯಲ್ಲಿ ಬಸ್ಸು ಕೆಟ್ಟು, ಮೇ ತಿಂಗಳ ಬಿಸಿಲಲ್ಲಿ ನಡೆದು ಬಂದಿದ್ದರಂತೆ. ಹೆಗಲ ಬೈರಾಸಿನಿಂದ ಗಾಳಿ ಹಾಕಿಕೊಳ್ಳುತ್ತಾ, ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಾ ಕೂತಿದ್ದರು. ನೀರು ಬೇಕೆಂದು ಕೇಳುತ್ತಿರಲಿಲ್ಲ.

ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು. ಆ ಮುದುಕನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಯಾರಿದವರನ್ನೇ ಯಾಕೆ ಕರೆದುಕೊಂಡು ಬರಬೇಕು? ತಟ್ಟೆಯನ್ನು ಇಡಲಿಲ್ಲ. ಹೋಗಿ ಬಗ್ಗಿ ಅವರಿಗೆ ನೀರು ಕೊಟ್ಟೆ.

ಅವರು ಒಂದೇ ಗುಕ್ಕಿಗೆ ಕುಡಿದರು. ಲೋಟ ಕೆಳಗಿಟ್ಟು, ಮಾವನ ಕಡೆ ತಿರುಗಿ ಹೇಳಿದರು: "ಇನ್ನು ನೋಡ್ಲಿಕ್ಕೆ ಎಂತ ಉಂಟು? ನಮಗೆ ಒಪ್ಪಿಗೆ."

ಮರುದಿನ ಮಧ್ಯಾಹ್ನ ಅಕ್ಕ ಬೇಲಿಯ ಹತ್ತಿರವೇ ಕಾಯುತ್ತಿದ್ದಳು. ನನ್ನ ಯೋಚನೆ ಅವಳಿಗೆ ಮೊದಲೇ ಗೊತ್ತಿತ್ತು.

"ನೀರು ಕೊಟ್ಟೆಯಾ?"

"ಕೊಟ್ಟೆ."

ಅವಳು ಒಳಗೆ ಹೋಗಿ ಕ್ಯಾಸೆಟ್ ಹಾಕಿದಳು. ಅದು ಕಿರುಚಿ ಮುಗಿಯಿತು, ಕೋಟೆ ಬಂತು, ಮೊದಲನೆಯ ಬಾಗಿಲಲ್ಲಿ ಮುದುಕ ಬಂದ. ಅಕ್ಕ ಕೊಡು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ನೀರು ಕೊಟ್ಟೆ. ಆಮೇಲೆ ಹಾವಿನ ಕೋಣೆ, ಬೀಗದ ಕೋಣೆ, ಮೆಟ್ಟಿಲು ಎಲ್ಲ ದಾಟಿ ಬೆಂಕಿಯ ಬಾಗಿಲಿಗೆ ಹೋಗಿ, ಅಮ್ಮ ಬೇಲಿಯಾಚೆಯಿಂದ ಕರೆಯುವ ತನಕ ಇಬ್ಬರೂ ಅದರ ಮುಂದೆ ಕೂತಿದ್ದೆವು.